ಲಾ ಕ್ಲರ್ಕ್ ಅಂದರೆ ವಕೀಲರ ಗುಮಾಸ್ತ ಅಲ್ಲ

ದಾವಣಗೆರೆಯಲ್ಲಿ ಲಾ ಕ್ಲರ್ಕ್ ಅಂದರೆ ಮೊದಲು ನೆನಪಾಗುವುದು ಫೈಲು ಹಿಡಿದು ಕೋರ್ಟಿಗೆ ಓಡಾಡುವ ವಕೀಲರ ಗುಮಾಸ್ತರು. ಐದು ವರ್ಷ ಕಾನೂನು ಓದಿದ ಮಗಳು ಲಾ ಕ್ಲರ್ಕ್ ಆಗ್ತೀನಿ ಅಂದರೆ ಮನೆಯವರಿಗೆ ಬೇಜಾರಾಗುತ್ತೆ, ಸಹಜ. ಆದರೆ ಇದು ಬೇರೆಯೇ ಕೆಲಸ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಪ್ರಕರಣದ ಸಾರಾಂಶ ಬರೆದುಕೊಡಬೇಕು, ಹಳೆಯ ತೀರ್ಪು ಹುಡುಕಿಕೊಡಬೇಕು.

ಈಗ ಇದರ ಮಾತು ಜಾಸ್ತಿಯಾಗಲು ಕಾರಣವಿದೆ. ಸಿವಿಲ್ ಜಡ್ಜ್ ಆಗಲು ಮೂರು ವರ್ಷ ವಕೀಲಿಕೆ ಬೇಕು ಎಂದು 1993ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2002ರಲ್ಲಿ ಬೇಡ ಎಂದಿತು, 2025ರ ಮೇ 20ರಂದು ಮತ್ತೆ ಬೇಕು ಎಂದಿತು. ಈ ಸಲ ಲಾ ಕ್ಲರ್ಕ್ ಆಗಿ ಕಳೆದ ಸಮಯವೂ ಆ ಮೂರು ವರ್ಷದ ಲೆಕ್ಕಕ್ಕೆ ಬರುತ್ತದೆ.

ಈ ಕೆಲಸ ಹುಟ್ಟಿದ್ದೇ ಪರಿಚಯದಲ್ಲಿ. 1882ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾಗಿ ಬಂದ ಹೊರೇಸ್ ಗ್ರೇ ಅವರಿಗೆ ಹುಡುಗರನ್ನು ಆರಿಸಿ ಕಳಿಸುತ್ತಿದ್ದವರು ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಅವರ ತಮ್ಮ. ಅಲ್ಲಿ ಲಾ ಕ್ಲರ್ಕ್ ಆಗಿ ಮೊದಲ ಮಹಿಳೆಗೆ ಜಾಗ ಸಿಕ್ಕಿದ್ದು 1944ರಲ್ಲಿ, ಮೊದಲ ಕಪ್ಪು ವರ್ಣೀಯರಿಗೆ 1948ರಲ್ಲಿ. ನಮ್ಮಲ್ಲೂ ಬಹಳ ಕಾಲ ಹೆಸರಾಂತ ಕಾನೂನು ವಿಶ್ವವಿದ್ಯಾಲಯಗಳ ಮಕ್ಕಳಿಗೇ ಈ ದಾರಿ ಸಲೀಸಾಗಿತ್ತು. 2024ರ ಸುಪ್ರೀಂ ಕೋರ್ಟ್ ಪ್ರಕಟಣೆ ನೋಡಿ: ವಸ್ತುನಿಷ್ಠ ಪರೀಕ್ಷೆ, ಬರವಣಿಗೆ, ಸಂದರ್ಶನ, ಆಯ್ಕೆಯಾದರೆ ತಿಂಗಳಿಗೆ 80,000 ರೂಪಾಯಿ. ಬಾಗಿಲು ತೆರೆದಿದೆ, ನಿಜ. ಆದರೆ ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬಂದ, ಮನೆಯಲ್ಲಿ ಮೊದಲ ಸಲ ಕಾನೂನು ಓದುತ್ತಿರುವ ದಲಿತ, ನಾಯಕ ಸಮುದಾಯದ ಮಕ್ಕಳಿಗೆ ಆ ಬರವಣಿಗೆ ಹೇಗಿರಬೇಕು ಅಂತ ಯಾರು ತೋರಿಸಿದ್ದಾರೆ?

ಇಲ್ಲಿನ ಹಿರಿಯ ವಕೀಲರೊಬ್ಬರು ಭಾನುವಾರ ಬೆಳಿಗ್ಗೆ ತಮ್ಮ ಆಫೀಸಿನಲ್ಲಿ ಅಂಥವರನ್ನು ಕೂರಿಸಿಕೊಳ್ಳುತ್ತಾರೆ. ಒಮ್ಮೆ ನಾನೂ ಹೋಗಿದ್ದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ 2020ರಲ್ಲಿ ಬಂದ ವಿನೀತಾ ಶರ್ಮಾ ತೀರ್ಪನ್ನು ಒಂದು ಪುಟಕ್ಕೆ ಇಳಿಸಬೇಕಿತ್ತು. ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಮೂರು ಪುಟ ಬರೆದು ತಂದಿದ್ದಳು, ಎಲ್ಲವೂ ಬರೀ ಕಥೆ, ಮುಖ್ಯ ಪ್ರಶ್ನೆಯೇ ಇರಲಿಲ್ಲ.

"ಕಾಗದ ಮಡಚಮ್ಮ," ಅಂದರು ಅವರು. "ಅಪ್ಪ ಮೊದಲೇ ತೀರಿಕೊಂಡಿದ್ರೆ ಮಗಳಿಗೆ ಪಾಲು ಐತೋ ಇಲ್ವೋ? ಕನ್ನಡದಾಗೇ ಹೇಳು."

"ಐತೆ ಸರ್. ಕಾನೂನಿನ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಬೇಕು ಅಂತೇನಿಲ್ಲ, ಆ ಹಕ್ಕು ಹುಟ್ಟಿನಿಂದ ಬಂದದ್ದು."

"ಹಾ! ಇದೇ ನಿನ್ನ ಮೊದಲ ಸಾಲು. ಈಗ ಇಂಗ್ಲಿಷಿನಾಗೆ ಬರಿ."

ಅವಳಿಗೆ ಕಾನೂನು ಗೊತ್ತಿತ್ತು. ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ, ಇವಳು ಕಂಡ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಗಳ ಮಾತೆಲ್ಲ ಕನ್ನಡ. ಈ ಎರಡರ ನಡುವೆ ಕೈಹಿಡಿದು ದಾಟಿಸುವವರು ಬೇಕು, ಒಂದು ದಿನದ ಭಾಷಣದಿಂದ ಅದು ಆಗಲ್ಲ. ವಕೀಲರ ಹತ್ತಿರ ತರಬೇತಿ ಪಡೆಯುವ ಪರಿಶಿಷ್ಟ ಪದವೀಧರರಿಗೆ ಸರ್ಕಾರದ ಭತ್ಯೆ ಇದೆ, ಒಳ್ಳೆಯದೇ. ಪಕ್ಕದಲ್ಲಿ ಕೂತು ತಿದ್ದುವವರಿಗೂ ಅದರಲ್ಲೊಂದು ಜಾಗ ಮಾಡಬಹುದಲ್ವಾ?

ಆ ಹುಡುಗಿ ನಾಲ್ಕನೇ ಸಲ ಬರೆದಾಗ ಪುಟದ ಕೆಳಗೆ ಇನ್ನೂ ಮೂರು ಬೆರಳಷ್ಟು ಜಾಗ ಉಳಿದಿತ್ತು.