ಎಂಜಿನಿಯರಿಂಗ್ ಓದಿಲ್ಲ, ಎಂಬಿಎ ಮಾಡುತ್ತಿದ್ದೇನೆ: ವಿದ್ಯುತ್ ಕ್ಷೇತ್ರದಲ್ಲಿ ನನಗೆ ಕೆಲಸ ಇದೆಯಾ?

ಪ್ರಶ್ನೆ: ಬಿಕಾಂ ಮುಗಿಸಿ ಈಗ ಎಂಬಿಎ ಫೈನಾನ್ಸ್ ಮೊದಲ ವರ್ಷದಲ್ಲಿದ್ದೇನೆ. ಸೋಲಾರ್, ವಿಂಡ್, ಬ್ಯಾಟರಿ ಅಂತ ಎಲ್ಲ ಕಡೆ ಕೇಳಿಬರುತ್ತಿದೆ. ಎಂಜಿನಿಯರ್ ಅಲ್ಲದವರಿಗೆ ಇಲ್ಲಿ ಕೆಲಸ ಸಿಗುತ್ತಾ? ಸಿಗುವುದಾದರೆ ಎನರ್ಜಿ ಎಂಬಿಎ ಅಂತ ಬೇರೆ ಕೋರ್ಸ್ ಮಾಡಬೇಕಾ, ಯಾವ ಸರ್ಟಿಫಿಕೇಟ್ ತಗೊಳ್ಳಬೇಕು?

ಸಿಗುತ್ತೆ. ಆದರೆ ಜಾಬ್ ಸೈಟುಗಳಲ್ಲಿ ‘ಸೋಲಾರ್’ ಅಂತ ಹುಡುಕಿದಾಗ ಮೊದಲು ಕಾಣುವ ಸೇಲ್ಸ್ ಕೆಲಸಗಳನ್ನು ನೋಡಿ ಇಷ್ಟೇನಾ ಅಂದುಕೊಳ್ಳಬೇಡಿ. ಮನೆ ಮೇಲೆ ಪ್ಯಾನೆಲ್ ಮಾರುವುದು ಈ ಕ್ಷೇತ್ರದ ಒಂದು ಮೂಲೆ ಮಾತ್ರ. ದೊಡ್ಡ ಸೋಲಾರ್ ಪ್ಲಾಂಟ್ ಕಟ್ಟಲು ಒಂದೆರಡು ವರ್ಷ ಹಿಡಿಯಬಹುದು, ಅದರ ವಿದ್ಯುತ್ ಖರೀದಿ ಒಪ್ಪಂದ, ಅಂದರೆ ಪಿಪಿಎ, ಸಾಮಾನ್ಯವಾಗಿ 25 ವರ್ಷದ್ದು. ಕಟ್ಟುವಾಗ ಎಂಜಿನಿಯರುಗಳ ದರ್ಬಾರು. ಅದಕ್ಕೂ ಮುಂಚೆ ಮತ್ತು ಆಮೇಲೆ ನಡೆಯುವುದೆಲ್ಲ ಸಾಲ, ಕರಾರು, ದರ, ಬಾಕಿ ವಸೂಲಿ. ನಿಮ್ಮ ಜಾಗ ಇರುವುದು ಅಲ್ಲಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಕೂಡಲೇ ಎಕ್ಸೆಲ್ ತೆಗೆದು ಕೂತರೆ ಇನ್ನೂ ಒಳ್ಳೆಯದು. 1 ಮೆಗಾವ್ಯಾಟ್ ಸೋಲಾರ್ ಪ್ಲಾಂಟ್ ಅಂದರೆ 1,000 ಕಿಲೋವ್ಯಾಟ್. ವರ್ಷಕ್ಕೆ 8,760 ಗಂಟೆ. ರಾತ್ರಿ, ಮೋಡ, ಧೂಳು ಎಲ್ಲ ಕಳೆದು ಶೇ 19ರಷ್ಟು ಮಾತ್ರ ಕೈಗೆ ಬರುತ್ತೆ ಅಂತಿಟ್ಟುಕೊಳ್ಳಿ. ಇದನ್ನೇ ಈ ಕ್ಷೇತ್ರದವರು ಸಿಯುಎಫ್ ಅನ್ನೋದು. ಗುಣಿಸಿದರೆ ಸುಮಾರು 16.6 ಲಕ್ಷ ಯೂನಿಟ್. ಯೂನಿಟ್‌ಗೆ 4 ರೂಪಾಯಿ ಅಂದರೆ ವರ್ಷಕ್ಕೆ 66 ಲಕ್ಷದ ಮೇಲೆ. ಪ್ಲಾಂಟಿಗೆ 4.5 ಕೋಟಿ ಖರ್ಚಾಯಿತು, ಅದರಲ್ಲಿ ಶೇ 70 ಸಾಲ, 15 ವರ್ಷಕ್ಕೆ ಶೇ 9.5 ಬಡ್ಡಿ ಅಂದುಕೊಂಡರೆ ವರ್ಷದ ಕಂತೇ 40 ಲಕ್ಷ ಆಗುತ್ತೆ. ನಿರ್ವಹಣೆಗೆ 5 ಲಕ್ಷ ತೆಗೆಯಿರಿ. ಮಾಲೀಕರ ಕೈಲಿ ತೆರಿಗೆಗೆ ಮುಂಚೆ 21 ಲಕ್ಷ ಚಿಲ್ಲರೆ ಉಳಿಯಿತು. ಈಗ ಆ ಶೇ 19 ಅನ್ನೋದನ್ನು 17 ಮಾಡಿ ನೋಡಿ. ಆದಾಯದಲ್ಲಿ 7 ಲಕ್ಷ ಖೋತಾ. ಬ್ಯಾಂಕಿನ ಕಂತು ಮಾತ್ರ ಅಷ್ಟೇ ಇದೆ! ಮಾಲೀಕರ ಪಾಲಿನ ಮೂರನೇ ಒಂದು ಭಾಗ ಅಲ್ಲೇ ಕರಗಿತು. ಪ್ಯಾನೆಲ್ ಮೇಲಿನ ಧೂಳು ಯಾರು ತೊಳೆಯುತ್ತಾರೆ, ನೀರು ಎಲ್ಲಿಂದ ಬರುತ್ತೆ ಅಂತ ಬ್ಯಾಂಕಿನವರು ಯಾಕೆ ಅಷ್ಟು ಕೊರೆಯುತ್ತಾರೆ ಅಂತ ಈಗ ಅರ್ಥವಾಯಿತಲ್ವಾ? ಇಲ್ಲಿನ ಅಂಕಿಗಳೆಲ್ಲ ಉದಾಹರಣೆಗೆ ಹಾಕಿದವು. ಆದರೆ ಪ್ರಾಜೆಕ್ಟ್ ಫೈನಾನ್ಸ್ ಕೆಲಸದಲ್ಲಿ ದಿನಾ ಮಾಡುವುದು ಇದನ್ನೇ, ಸಾಲುಗಳು ಮಾತ್ರ ಜಾಸ್ತಿ ಇರುತ್ತವೆ.

ಕರ್ನಾಟಕದಲ್ಲಿ ಇರುವವರು ಇನ್ನೊಂದನ್ನು ಕಲಿಯಲೇಬೇಕು, ಗ್ರೂಪ್ ಕ್ಯಾಪ್ಟಿವ್. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ದೊಡ್ಡ ಗ್ರಾಹಕರು ಎಸ್ಕಾಂ ಬಿಟ್ಟು ಬೇರೆ ಕಡೆಯಿಂದ ವಿದ್ಯುತ್ ತರಿಸಿಕೊಳ್ಳಲು ದಾರಿ ಆಯಿತು. ಅದೇ ಓಪನ್ ಆಕ್ಸೆಸ್. ಹಾಗೆ ತರಿಸಿಕೊಂಡರೆ ಎಸ್ಕಾಂಗೆ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ದೊಡ್ಡ ಗ್ರಾಹಕರು ಬಿಟ್ಟುಹೋದರೆ ಬೇರೆಯವರ ಅಗ್ಗದ ದರಕ್ಕೆ ಆಗುವ ನಷ್ಟ ತುಂಬುವ ಶುಲ್ಕ) ಕಟ್ಟಬೇಕು, ಅದು ದುಬಾರಿ. ಆದರೆ ಪ್ಲಾಂಟ್ ನಿಮ್ಮದೇ ಆಗಿದ್ದರೆ ಕಟ್ಟಬೇಕಿಲ್ಲ. ‘ನಿಮ್ಮದೇ’ ಅಂದರೇನು? 2005ರ ನಿಯಮ ಹೇಳೋದು ಹೀಗೆ: ಬಳಸುವವರೆಲ್ಲ ಸೇರಿ ಕನಿಷ್ಠ ಶೇ 26 ಮಾಲೀಕತ್ವ ಹೊಂದಿರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51 ಅವರೇ ಬಳಸಬೇಕು. ಹಾಗಾಗಿ ಪೀಣ್ಯದ ನಾಲ್ಕು ಕಾರ್ಖಾನೆ, ಒಂದು ಆಸ್ಪತ್ರೆ, ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಚಿತ್ರದುರ್ಗದ ಕಡೆ ಎಲ್ಲೋ ಇರುವ ಪ್ಲಾಂಟಿನಲ್ಲಿ ಶೇರು ಹಾಕಬಹುದು, ಪ್ಲಾಂಟ್ ಕಂಪನಿಯವರು ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಯಾರು ಎಷ್ಟು ಶೇರು ಹಾಕಿದರೋ ಅದಕ್ಕೆ ತಕ್ಕಷ್ಟೇ ಬಳಸಬೇಕು ಅನ್ನೋ ನಿಬಂಧನೆಯೂ ಇದೆ. ಒಂದು ಕಾರ್ಖಾನೆ ಆರ್ಡರ್ ಇಲ್ಲದೆ ಆರು ತಿಂಗಳು ಒಂದೇ ಪಾಳಿ ನಡೆಸಿತು ಅನ್ನಿ. ಬಳಕೆಯ ಲೆಕ್ಕ ತಪ್ಪುತ್ತೆ, ವರ್ಷದ ಕೊನೆಗೆ ಸರ್ಚಾರ್ಜ್ ಬಂದು ತಲೆ ಮೇಲೆ ಕೂರುತ್ತೆ. ಇದನ್ನು ತಿಂಗಳು ತಿಂಗಳು ನೋಡಿಕೊಳ್ಳುವವರು, ಶೇರುದಾರರ ಒಪ್ಪಂದ ಬರೆಯುವಾಗಲೇ ಇದನ್ನು ಊಹಿಸುವವರು ಬೇಕು. ಕಂಪನಿ ಕಾನೂನು, ಫೈನಾನ್ಸ್ ಎರಡೂ ಗೊತ್ತಿರುವ ನಿಮ್ಮಂಥವರಿಗೆ ಹೇಳಿ ಮಾಡಿಸಿದ ಕೆಲಸ. 2022ರ ಹಸಿರು ಓಪನ್ ಆಕ್ಸೆಸ್ ನಿಯಮಗಳು ಗ್ರಾಹಕರಿಗೆ ಇರಬೇಕಾದ ಕನಿಷ್ಠ ಲೋಡಿನ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದ ಮೇಲೆ ಸಣ್ಣ ಗ್ರಾಹಕರೂ ಈ ಆಟಕ್ಕೆ ಬಂದಿದ್ದಾರೆ.

ಟ್ರೇಡಿಂಗ್ ಇಷ್ಟ ಇರುವವರಿಗೆ ಪವರ್ ಎಕ್ಸ್‌ಚೇಂಜ್, ಅಂದರೆ ವಿದ್ಯುತ್ ಕೊಂಡು ಮಾರುವ ಮಾರುಕಟ್ಟೆ ಇದೆ. ಐಇಎಕ್ಸ್ (ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್) 2008ರಲ್ಲಿ ಶುರುವಾಯಿತು. ನಾಳೆಯ ವಿದ್ಯುತ್ತನ್ನು ಇವತ್ತು ಬೆಳಿಗ್ಗೆ 10ರಿಂದ 12ರ ಒಳಗೆ ಬಿಡ್ ಮಾಡುತ್ತಾರೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ ಒಂದೊಂದಕ್ಕೂ ಒಂದೊಂದು ಬೆಲೆ. 2020ರಿಂದ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ರಿಯಲ್ ಟೈಮ್ ಮಾರುಕಟ್ಟೆಯೂ ಇದೆ. ಬೆಲೆಗಳನ್ನು ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲೇ ಎಲ್ಲರೂ ನೋಡಬಹುದು. ಒಂದು ವಾರ ಸುಮ್ನೆ ನೋಡಿ: ಬಿಸಿಲು ಏರಿದ ಹೊತ್ತಲ್ಲಿ ಬೆಲೆ ಇಳಿಯುತ್ತೆ, ಸಂಜೆ ಸೂರ್ಯ ಮುಳುಗಿ ಎಲ್ಲರ ಮನೆಯ ಸ್ವಿಚ್ ಬಿದ್ದಾಗ ಏರುತ್ತೆ. ಬ್ಯಾಟರಿ ಟೆಂಡರುಗಳು ಯಾಕೆ ಇಷ್ಟು ಬರುತ್ತಿವೆ ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ. ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಹಿಂದಿರುವುದೂ ಇದೇ ಲೆಕ್ಕ, ಅಗ್ಗದ ಹೊತ್ತಲ್ಲಿ ನೀರು ಮೇಲಕ್ಕೆ ಎತ್ತಿ ತುಟ್ಟಿಯ ಹೊತ್ತಲ್ಲಿ ಇಳಿಸುವುದು. ಎತ್ತಲು ಖರ್ಚಾದ ವಿದ್ಯುತ್ ಪೂರ್ತಿ ವಾಪಸ್ ಬರುವುದಿಲ್ಲ ಅನ್ನೋದೂ ಲೆಕ್ಕದಲ್ಲಿರಲಿ. (ಅಲ್ಲಿನ ಕಾಡಿನ ವಿಚಾರವಾಗಿ ನಡೆದಿರುವ ವಿರೋಧವನ್ನೂ ಓದಿ. ಸಾಲ ಕೊಡುವವರಿಗೆ ಅದೂ ರಿಸ್ಕೇ.)

ಕನ್ನಡ ಬರುವವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ರೆಸ್ಯೂಮೆಯಲ್ಲಿ ಬರೆಯುವುದಿಲ್ಲ. ಜಮೀನು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆದರು. ಇಂಥ ಕಡೆ ಪಹಣಿ ಓದಲು ಬರಬೇಕು, ಮ್ಯುಟೇಶನ್ ಆಗಿದೆಯಾ, ಅಣ್ಣತಮ್ಮಂದಿರ ಪಾಲು ಆಗಿದೆಯಾ ಅಂತ ನೋಡಬೇಕು, ಊರಿನ ಹಿರಿಯರ ಜತೆ ಕೂತು ಮಾತಾಡಬೇಕು. ಜತೆಗೆ ಅದೇ ಗುತ್ತಿಗೆಯ ಹಣ 25 ವರ್ಷದ ಮಾಡೆಲ್‌ನಲ್ಲಿ ಹೇಗೆ ಕೂರುತ್ತೆ ಅಂತಲೂ ತಿಳಿದಿರಬೇಕು. ಎರಡೂ ಬರುವವರು ಕಡಿಮೆ. ಗದಗ, ಕೊಪ್ಪಳ, ವಿಜಯಪುರದ ಕಡೆಯವರು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಸರ್ಕಾರಿ ಕೆಲಸ ಬೇಕೆನ್ನುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಲ್ಲಿ ಲೆಕ್ಕಪತ್ರ ವಿಭಾಗದ ಹುದ್ದೆಗಳಿವೆ, ಆದರೆ ಅಧಿಸೂಚನೆ ಯಾವಾಗ ಬರುತ್ತೋ ಅದನ್ನೇ ನಂಬಿ ಕೂರಬೇಡಿ. ಕೇಂದ್ರದ ಸಂಸ್ಥೆಗಳು ಹಣಕಾಸು ಹುದ್ದೆಗೆ ಹೆಚ್ಚಾಗಿ ಸಿಎ, ಸಿಎಂಎ ಕೇಳುತ್ತವೆ. ಒಎನ್‌ಜಿಸಿಯಂಥವು ಎಚ್‌ಆರ್‌ಗೆ ಯುಜಿಸಿ-ನೆಟ್ ಅಂಕ ನೋಡಿದ್ದುಂಟು.

ಕೋರ್ಸಿನ ಮಾತಿಗೆ ಬರೋಣ. ಡೆಹ್ರಾಡೂನ್‌ನ ಯುಪಿಇಎಸ್, ಫರೀದಾಬಾದ್‌ನ ಎನ್‌ಪಿಟಿಐ ಎರಡೂ ವಿದ್ಯುತ್ ಕ್ಷೇತ್ರಕ್ಕೆಂದೇ ಎಂಬಿಎ ನಡೆಸಿಕೊಂಡು ಬಂದಿವೆ. ಇನ್ನೂ ಎಲ್ಲೂ ಸೇರದವರು ಅವನ್ನು ನೋಡಬಹುದು. ಆಗಲೇ ಎಂಬಿಎಯಲ್ಲಿರುವ ನೀವು ಮತ್ತೊಂದಕ್ಕೆ ಲಕ್ಷಗಟ್ಟಲೆ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಇನ್ನು ಬಿಇಇಯ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ಎನರ್ಜಿ ಆಡಿಟರ್ ಪರೀಕ್ಷೆ. ಅದು ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ ಮತ್ತು ಅನುಭವ ಇರುವವರಿಗಾಗಿ ಮಾಡಿದ್ದು. ಬಿಕಾಂ ಮೇಲೆ ಎಂಬಿಎ ಮಾಡಿದವರಿಗೆ ಸಿಗುವುದಿಲ್ಲ. ಯಾರಾದರೂ ಕೋಚಿಂಗ್ ಸೇರಿ ಅಂದರೆ ದುಡ್ಡು ಕಟ್ಟುವ ಮುಂಚೆ ಅರ್ಹತೆಯ ನಿಯಮ ಓದಿಕೊಳ್ಳಿ. ಸಸ್ಟೈನಬಿಲಿಟಿ ರಿಪೋರ್ಟಿಂಗ್ ಕಡೆಯೂ ಕೆಲಸ ಇದೆ, ಸೆಬಿ ದೊಡ್ಡ 1,000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಯ ವಾರ್ಷಿಕ ವರದಿ) ಕಡ್ಡಾಯ ಮಾಡಿದ ಮೇಲೆ ಇನ್ನೂ ಜಾಸ್ತಿ. ಆದರೆ ಅದರಲ್ಲಿ ಬಹಳಷ್ಟು ಫಾರ್ಮ್ ತುಂಬುವ ಕೆಲಸ, ಎರಡು ವರ್ಷಕ್ಕೆ ಬೇಜಾರಾದರೆ ಆಶ್ಚರ್ಯವಿಲ್ಲ.

ಪುಕ್ಕಟೆ ಸಿಗುವ ಒಳ್ಳೆಯ ಪಠ್ಯ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ವೆಬ್‌ಸೈಟಿನಲ್ಲಿದೆ. ದರ ಆದೇಶ, ಅಂದರೆ ಟ್ಯಾರಿಫ್ ಆರ್ಡರ್. ನೂರಾರು ಪುಟ ಇದೆ ಅಂತ ಹೆದರಬೇಡಿ. ಬೆಸ್ಕಾಂನದ್ದು ತೆಗೆದು ವಿದ್ಯುತ್ ಖರೀದಿಯ ಕೋಷ್ಟಕ ಮಾತ್ರ ನೋಡಿ. ಯಾವ ಮೂಲದಿಂದ ಎಷ್ಟು ಯೂನಿಟ್, ಎಷ್ಟು ದರಕ್ಕೆ, ಎಲ್ಲ ಅಲ್ಲಿದೆ. ಹಳೆಯ ಜಲವಿದ್ಯುತ್ತಿನ ದರಕ್ಕೂ ಉಷ್ಣ ಸ್ಥಾವರದ ದರಕ್ಕೂ ಇರುವ ಅಂತರ ನೋಡಿದರೆ ರಾಜ್ಯದ ಕರೆಂಟಿನ ಅರ್ಧ ಕಥೆ ತಿಳಿಯುತ್ತೆ. ದರ ಪರಿಷ್ಕರಣೆಗೆ ಮುಂಚೆ ಸಾರ್ವಜನಿಕ ವಿಚಾರಣೆ ಇರುತ್ತೆ, ಯಾರು ಬೇಕಾದರೂ ಹೋಗಿ ಕೂರಬಹುದು. ಕೈಗಾರಿಕಾ ಸಂಘದವರು, ರೈತ ಮುಖಂಡರು, ಎಸ್ಕಾಂ ಅಧಿಕಾರಿಗಳು ಎದುರುಬದುರು ವಾದ ಮಾಡುವುದನ್ನು ಯಾವ ಕೇಸ್ ಸ್ಟಡಿಯೂ ತೋರಿಸುವುದಿಲ್ಲ. ಬೆಂಗಳೂರಿನ ಸಿಸ್ಟೆಪ್, ಪುಣೆಯ ಪ್ರಯಾಸ್ ಸಂಸ್ಥೆಗಳ ವರದಿಗಳೂ ಉಚಿತವಾಗೇ ಸಿಗುತ್ತವೆ, ಭಾಷೆ ಸರಳ.

ಇನ್ನು ಬೇಸಿಗೆಯ ಇಂಟರ್ನ್‌ಶಿಪ್. ಓಪನ್ ಆಕ್ಸೆಸ್ ವಿದ್ಯುತ್ ಮಾರುವ ಕಂಪನಿಗೋ ದೊಡ್ಡ ಕಾರ್ಖಾನೆಯ ಫೈನಾನ್ಸ್ ವಿಭಾಗಕ್ಕೋ ಬರೆಯಿರಿ. ‘ಗ್ರಾಹಕರ ಅಭಿಪ್ರಾಯ ಸಮೀಕ್ಷೆ’ ಮಾಡು ಅಂತ ಕೊಟ್ಟರೆ ಮಾಡಿ, ಬೇಡ ಅನ್ನಬೇಡಿ. ಆದರೆ ಜತೆಗೆ ಒಂದು ಎಚ್‌ಟಿ (ಹೈ ಟೆನ್ಷನ್, ದೊಡ್ಡ ಗ್ರಾಹಕರಿಗೆ ಕೊಡುವ) ಸಂಪರ್ಕದ ಹನ್ನೆರಡು ತಿಂಗಳ ಬಿಲ್ ಕೊಡಿ ಅಂತ ಕೇಳಿ ಇಸ್ಕೊಳ್ಳಿ. ಡಿಮ್ಯಾಂಡ್ ಚಾರ್ಜ್ (ಯೂನಿಟ್‌ಗಲ್ಲ, ಲೋಡಿಗೆ ಕಟ್ಟುವ ಶುಲ್ಕ) ಎಷ್ಟು, ಯೂನಿಟ್ ಚಾರ್ಜ್ ಎಷ್ಟು, ಪವರ್ ಫ್ಯಾಕ್ಟರ್ (ವಿದ್ಯುತ್ತನ್ನು ಎಷ್ಟು ದಕ್ಷವಾಗಿ ಬಳಸುತ್ತಾರೆ ಅನ್ನೋ ಅಳತೆ) ಕಡಿಮೆಯಾಗಿ ದಂಡ ಬಿದ್ದಿದೆಯಾ, ಸೋಲಾರ್ ತಂದರೆ ಇದರಲ್ಲಿ ಯಾವುದು ಇಳಿಯುತ್ತೆ, ಯಾವುದು ಇಳಿಯುವುದೇ ಇಲ್ಲ, ಎರಡು ಪುಟದಲ್ಲಿ ಬರೆದು ಅಲ್ಲಿನ ಮ್ಯಾನೇಜರ್ ಕೈಗೆ ಕೊಡಿ. ಕೆಲಸಕ್ಕೆ ಅರ್ಜಿ ಹಾಕುವಾಗಲೂ ಕಂಪನಿಯ ಹೆಸರು ಅಳಿಸಿ ಅದೇ ಎರಡು ಪುಟ ಲಗತ್ತಿಸಿ.