‘ಇಸ್ಪೀಷೀಸ್’ನ ಆ ‘ಇ’ ಎಲ್ಲಿಂದ ಬಂತು?

ಹೋದ ತಿಂಗಳು ಒಂದು ಶನಿವಾರ ನಮ್ಮ ಅಣ್ಣನ ಮಗಳು ರಾಯಚೂರಿನಿಂದ ಸಂಜೆ ಬಸ್ಸಿಗೆ ಊರಿಗೆ ಬಂದಳು. ಬ್ಯಾಗನ್ನು ಪಡಸಾಲೆಯಲ್ಲಿ ಇಟ್ಟವಳೇ ಸುಮ್ನೆ ಕೂತುಬಿಟ್ಟಳು. ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಾಳೆ. ಹತ್ತನೇ ತರಗತಿವರೆಗೆ ಮಾನ್ವಿ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ ಕಲಿತವಳು. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಪಾಠ ಕನ್ನಡದಲ್ಲೇ ನಡೆಯುತ್ತಿತ್ತು. ಈಗ ಎರಡೂ ಇಂಗ್ಲಿಷು.

ಊಟ ಆದ ಮೇಲೆ ವಿಷಯ ಹೊರಬಂತು. ಕಾಲೇಜಿನಲ್ಲಿ ಸೆಮಿನಾರ್ ಇತ್ತು. ಅವಳಿಗೆ ಬಂದ ವಿಷಯ ಹತ್ತಿಯ ಗುಲಾಬಿ ಕಾಯಿಕೊರಕ. ಎದ್ದು ನಿಂತು ಮೊದಲ ವಾಕ್ಯದಲ್ಲೇ ‘ಸ್ಪೀಷೀಸ್’, ಅಂದರೆ ಜೀವಿಗಳ ಪ್ರಭೇದ, ಅನ್ನಲು ಹೋಗಿ ‘ಇಸ್ಪೀಷೀಸ್’ ಅಂದಿದ್ದಾಳೆ. ಹಿಂದಿನ ಬೆಂಚಿನಿಂದ ನಗು ಬಂತು. ಆಮೇಲೆ ಬಾಯಿ ಕಟ್ಟಿಹೋಯಿತು. ಎರಡು ನಿಮಿಷ ನಿಂತು ಬಂದು ಕೂತಿದ್ದಾಳೆ. ನನಗೆ ಹೊಟ್ಟೆ ಉರಿಯಿತು. ಆ ಹುಳವನ್ನು ಅವಳು ಚಿಕ್ಕಂದಿನಿಂದ ಅಂಗೈ ಮೇಲೆ ಇಟ್ಟುಕೊಂಡು ನೋಡಿದವಳು. ಅಪ್ಪನ ಜೊತೆ ಕಾಯಿ ಒಡೆದು ಎಣಿಸಿದವಳು.

ನಾನು ಓದಿದ್ದು ಭಾಷಾವಿಜ್ಞಾನ. ಹಾಗಾಗಿ ಅವಳಿಗೆ ಸಮಾಧಾನ ಹೇಳುವ ಬದಲು ಆ ‘ಇ’ ಎಲ್ಲಿಂದ ಬಂತು ಅಂತ ಹೇಳತೊಡಗಿದೆ.

‘ಸ’ ಅನ್ನುವುದು ಗಾಳಿ ಬಿಡುವ ದನಿ. ‘ಪ’ ತುಟಿ ಮುಚ್ಚಿ ಗಾಳಿ ತಡೆಯುವ ದನಿ. ಎರಡನ್ನೂ ಸ್ವರವಿಲ್ಲದೆ ಪದದ ಮೊದಲಲ್ಲೇ ಒಟ್ಟಿಗೆ ಹೇಳುವುದು ಎಲ್ಲ ಭಾಷೆಗಳಿಗೂ ಒಗ್ಗುವುದಿಲ್ಲ. ಅಚ್ಚಗನ್ನಡದ ಪದಗಳು ಹಾಗೆ ಶುರುವಾಗುವುದೇ ಇಲ್ಲ. ಹೊರಗಿನಿಂದ ಅಂಥ ಪದ ಬಂದರೆ ನಾವು ಅದನ್ನು ಬಿಡಿಸಿಕೊಳ್ಳುತ್ತೇವೆ. ಶ್ರೀ ನಮ್ಮಲ್ಲಿ ಸಿರಿ ಆಯಿತು. ಪದದ ನಡುವಿನ ಒತ್ತಕ್ಷರವನ್ನೂ ಬಿಡಲಿಲ್ಲ. ಭಕ್ತಿ, ಮುಕ್ತಿ ದಾಸರ ಪದಗಳಲ್ಲಿ ಬಕುತಿ, ಮುಕುತಿ ಆದವು. ಇನ್ನೊಂದು ದಾರಿ ಎಂದರೆ ಮುಂದೆ ಒಂದು ಸ್ವರದ ಆಸರೆ ಕೊಡುವುದು. ‘ಇಸ್’ ಒಂದು ಹೆಜ್ಜೆ, ‘ಪೀ’ ಇನ್ನೊಂದು. ನಮ್ಮ ಕಡೆ ಇಸ್ಕೂಲು, ಇಸ್ಟೇಷನ್ನು ಹುಟ್ಟಿದ್ದು ಹೀಗೆ. ಉರ್ದುವಿನ ಒಡನಾಟವೂ ಇದಕ್ಕೆ ಕೈ ಹಿಡಿಯಿತು.

ಇದೇ ಕೆಲಸವನ್ನು ರೋಮನ್ನರ ಕಾಲದ ಜನಸಾಮಾನ್ಯರೂ ಮಾಡಿದ್ದರು. ‘ಸ್ಪೀಷೀಸ್’ ಮೂಲದಲ್ಲಿ ಲ್ಯಾಟಿನ್ ಪದ. ಆ ಕಾಲದ ಶಾಸನಗಳಲ್ಲೇ ಇಂಥ ಪದಗಳ ಮುಂದೆ ಒಂದು ‘ಇ’ ಬಂದು ನಿಂತಿರುವುದು ಕಾಣುತ್ತದೆ. ಲ್ಯಾಟಿನ್ ಮಾತಾಡುತ್ತಿದ್ದವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಅದು ‘ಎ’ ಆಗಿ ಗಟ್ಟಿಯಾಯಿತು. ಇವತ್ತು ಅದೇ ಪದ ಸ್ಪೇನಿನಲ್ಲಿ ‘ಎಸ್ಪೇಸಿಯೆ’, ಫ್ರಾನ್ಸಿನಲ್ಲಿ ‘ಎಸ್ಪೆಸ್’. ಶಾಲೆಗೆ ಸ್ಪೇನಿನವರು ‘ಎಸ್ಕ್ವೇಲಾ’ ಅನ್ನುತ್ತಾರೆ. ಅಲ್ಲಿನ ಪ್ರಾಧ್ಯಾಪಕರು ದಿನವೂ ಹೀಗೆಯೇ ಪಾಠ ಮಾಡುತ್ತಾರೆ, ಯಾರೂ ನಗುವುದಿಲ್ಲ. ಮಾನ್ವಿಯ ಹುಡುಗಿಯ ನಾಲಿಗೆ ಮಾಡಿದ್ದೂ ಅದನ್ನೇ ಅಲ್ವಾ?

ಅವಳು ಸ್ವಲ್ಪ ನೆಟ್ಟಗೆ ಕೂತಳು. ‘ಹಂಗಾದ್ರ ಇಂಗ್ಲಿಷಿನೋರು ಮಾತ್ರ ಸರಿಯಾಗಿ ಉಳಿಸಿಕೊಂಡಾರೇನು ಕಾಕಾ?’ ಅಂದಳು.

ಇಲ್ಲ. ಅವರಷ್ಟು ಕೆಡವಿ ಕಟ್ಟಿದವರು ಕಡಿಮೆ. ಚಾಕುವಿಗೆ ‘ನೈಫ್’ ಅನ್ನುತ್ತೇವೆ. ಬರೆಯುವಾಗ ಮುಂದೆ ಒಂದು ‘ಕೆ’ ಹಾಕುತ್ತೇವೆ. ಆ ಕೆ ಅಲಂಕಾರಕ್ಕೆ ಕೂತದ್ದಲ್ಲ. ಏಳೆಂಟು ನೂರು ವರ್ಷದ ಹಿಂದೆ ಇಂಗ್ಲೆಂಡಿನ ರೈತ ಅದನ್ನು ‘ಕ್ನೀಫ್’ ಎಂದೇ ಕರೆಯುತ್ತಿದ್ದ. ಮುಂದೆ ನಾಲಿಗೆ ‘ಕ್’ ಬಿಟ್ಟಿತು. ಕಾಗದ ಬಿಡಲಿಲ್ಲ. ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ 1476ರಲ್ಲಿ ಇಂಗ್ಲೆಂಡಿಗೆ ಮೊದಲ ಅಚ್ಚುಯಂತ್ರ ತಂದ. ಕಾಗುಣಿತ ಮೆಲ್ಲಗೆ ಅಚ್ಚಿನ ಮೊಳೆಗಳಲ್ಲಿ ಹೆಪ್ಪುಗಟ್ಟತೊಡಗಿತು. ಮಾತು ಮಾತ್ರ ಹರಿಯುತ್ತಲೇ ಇತ್ತು.

ಆ ಹೊತ್ತಿನಲ್ಲೇ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಸುಮಾರು 1400ರಿಂದ 1700ರವರೆಗೆ ನಡೆದ ಈ ಬದಲಾವಣೆಯನ್ನು ವಿದ್ವಾಂಸರು ಮಹಾ ಸ್ವರಪಲ್ಲಟ ಎಂದು ಕರೆಯುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಸ್ವರಗಳೇ ಸಾಕು. ಬಾಯಿ ಅಗಲ ತೆರೆದು ‘ಆ’ ಅನ್ನಿ. ನಾಲಿಗೆ ಕೆಳಗಿರುತ್ತದೆ. ‘ಏ’ ಅನ್ನಿ, ಒಂದು ಮೆಟ್ಟಿಲು ಮೇಲೆ. ‘ಈ’ ಅಂದರೆ ಅಟ್ಟಕ್ಕೇ ಮುಟ್ಟುತ್ತದೆ. ಇಂಗ್ಲಿಷಿನವರ ನಾಲಿಗೆ ತಲೆಮಾರು ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಮೇಲೆ ಹತ್ತಿತು. ‘ಆ’ ಇದ್ದಲ್ಲಿ ‘ಏ’ ಬಂತು. ‘ಏ’ ಇದ್ದಲ್ಲಿ ‘ಈ’ ಬಂತು. ಮೊದಲೇ ಅಟ್ಟದಲ್ಲಿದ್ದ ‘ಈ’ಗೆ ಇನ್ನು ಹತ್ತಲು ಜಾಗವಿಲ್ಲ. ಅದು ಒಡೆದು ‘ಐ’ ಆಯಿತು. ಆಗಿನ ‘ಟೀಮೆ’ ಈಗಿನ ಟೈಮ್. ಆಗಿನ ‘ಫೇಟ್’ ಈಗಿನ ಫೀಟ್. ಆಗಿನ ‘ಮೂಸ್’ ಈಗಿನ ಮೌಸ್.

ನನಗೆ ತುಂಬ ಇಷ್ಟವಾದದ್ದು ‘ನೇಮ್’ ಪದದ ಕತೆ. ಸ್ವರಪಲ್ಲಟಕ್ಕೆ ಮೊದಲು ಅದನ್ನು ‘ನಾಮ’ಕ್ಕೆ ತೀರ ಹತ್ತಿರವಾಗಿ ಹೇಳುತ್ತಿದ್ದರು. ನಾವು ಸಂಸ್ಕೃತದಿಂದ ತೆಗೆದುಕೊಂಡ ನಾಮವೂ ಅವರ ನೇಮೂ ಒಂದೇ ಬೇರಿನವು. ಅಂದರೆ ಆರು ನೂರು ವರ್ಷದ ಹಿಂದೆ ಲಂಡನ್ನಿನಿಂದ ಒಬ್ಬ ನಮ್ಮೂರಿಗೆ ಬಂದಿದ್ದರೆ ಆ ಒಂದು ಪದವನ್ನಾದರೂ ಗುರುತು ಹಿಡಿಯಬಹುದಿತ್ತು.

ದನಿ ಬದಲಾಗುವುದು ನಮಗೂ ಹೊಸದಲ್ಲ. ಹಳಗನ್ನಡದ ಪಾಲು, ಪುಲಿ ನಮ್ಮಲ್ಲಿ ಹಾಲು, ಹುಲಿ ಆದವು. ರಾಯಚೂರಿನಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ತೆಲುಗಿನವರು ಇವತ್ತಿಗೂ ಪಾಲು, ಪುಲಿ ಅನ್ನುತ್ತಾರೆ. ಇಂಗ್ಲಿಷಿನ ಪೂರ್ವಿಕ ಭಾಷೆಯಲ್ಲೂ ಹೀಗೇ ‘ಪ’ ಸಡಿಲವಾಗಿ ‘ಫ’ ಆಗಿತ್ತು. ನಾವು ಸಂಸ್ಕೃತದಿಂದ ತಂದ ಪಾದ, ಪಿತೃ ಅವರಲ್ಲಿ ಫುಟ್, ಫಾದರ್. ಈ ಹೊಂದಿಕೆಯನ್ನು ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಒಂದು ನಿಯಮವಾಗಿ ಬರೆದಿಟ್ಟ. ಈ ಯಾವ ಬದಲಾವಣೆಯನ್ನೂ ಯಾರೂ ಕೂತು ತೀರ್ಮಾನಿಸಲಿಲ್ಲ. ಅಡುಗೆಮನೆಯಲ್ಲಿ, ಹೊಲದಲ್ಲಿ, ಮಕ್ಕಳ ಬಾಯಲ್ಲಿ ತಾನಾಗಿ ಆದವು.

ಮನೆಯಲ್ಲಿ ಆಗ ಇನ್ನೊಂದು ಮಗು ಇತ್ತು. ಅಣ್ಣನ ಮಗಳ ಅಕ್ಕ ತನ್ನ ಹತ್ತು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ನಾವು ಮಾತಾಡುವಷ್ಟು ಹೊತ್ತೂ ಆ ಕೂಸು ನಮ್ಮ ಬಾಯನ್ನೇ ನೋಡುತ್ತಿತ್ತು. ಹತ್ತು ತಿಂಗಳು ಎಂದರೆ ಭಾಷೆಯ ಲೆಕ್ಕದಲ್ಲಿ ಬಹಳ ದೊಡ್ಡ ವಯಸ್ಸು.

ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ದನಿ ಬದಲಾದಾಗ ತಲೆ ತಿರುಗಿಸಿದರೆ ಒಂದು ಆಟಿಕೆ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಈ ಎರಡರ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಆದರೂ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಅದನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವ ಹೊತ್ತಿಗೆ ಆ ಶಕ್ತಿ ಬಹುಪಾಲು ಇಳಿದುಹೋಗಿತ್ತು. ಹಿಂದಿ ಮನೆಗಳ ಕೂಸುಗಳಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ ಕೇಳುವ ದನಿಗಳಿಗೆ ಕಿವಿ ಚೂಪಾಗುತ್ತದೆ, ಬೇಡದ ವ್ಯತ್ಯಾಸಗಳನ್ನು ಬಿಡುತ್ತದೆ. ನಮ್ಮ ಕೂಸು ಈಗ ತಟ್ಟೆಗೂ ತೊಟ್ಟಿಲಿಗೂ ಬೇಕಾದ ತ, ಟಗಳನ್ನು ಕಟ್ಟಿಟ್ಟುಕೊಳ್ಳುತ್ತಿದೆ. ಇಂಗ್ಲಿಷಿನ ‘ಟ’ ಇವೆರಡರ ನಡುವೆ, ಹಲ್ಲಿನ ವಸಡಿನ ಮೇಲೆ ಹುಟ್ಟುತ್ತದೆ. ಅದಕ್ಕೇ ನಮಗೆ ಅದು ನಮ್ಮ ‘ಟ’ದ ಹಾಗೇ ಕೇಳುತ್ತದೆ. ಇದು ದಡ್ಡತನವಲ್ಲ. ಕಿವಿ ತನ್ನ ಮನೆಯ ಕೆಲಸವನ್ನು ಚೆನ್ನಾಗಿ ಮಾಡಿದೆ ಎಂಬುದರ ಗುರುತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೂಸು ಅತ್ತಾಗಲೆಲ್ಲ ‘ಇಂಗ್ಲಿಷ್ ಬರಲಿ’ ಅಂತ ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಚ್ಚಿಡುವುದು ಈಗ ಎಲ್ಲ ಮನೆಗಳಲ್ಲೂ ಜಾಸ್ತಿ ಆಗಿದೆ. ಅಮೆರಿಕದ ಪೆಟ್ರಿಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಚೀನೀ ಭಾಷೆಯವರು ನೆಲದ ಮೇಲೆ ಕೂತು ಆಡಿದರು, ಓದಿ ಹೇಳಿದರು. ಹನ್ನೆರಡು ಸಲ, ಅಷ್ಟೇ. ಆ ಕೂಸುಗಳು ಚೀನೀ ದನಿಗಳನ್ನು ಬೇರೆ ಮಾಡಿ ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಕೂಸಿಗೆ ಬೇಕಾದದ್ದು ತನ್ನನ್ನು ನೋಡಿ ಮಾತಾಡುವ ಮುಖ. ಮುತ್ತಜ್ಜಿಯ ರಾಯಚೂರು ಕನ್ನಡ ಆ ಮೊಬೈಲಿಗಿಂತ ಸಾವಿರ ಪಾಲು ಮೇಲು. ಭಾಷೆ ಕಲಿಯುವುದು ಹೇಗೆ ಎಂಬುದನ್ನೇ ಅದು ಕಲಿಸುತ್ತದೆ.

‘ಹಂಗಾದ್ರ ನಂದು ಮುಗೀತೇನು ಕಾಕಾ? ನನಗೀಗ ಹದಿನೆಂಟು’ ಅಂದಳು ಅಣ್ಣನ ಮಗಳು. ಎಲ್ಲೋ ಓದಿದ್ದಳಂತೆ, ಹದಿನೇಳು ದಾಟಿದರೆ ಭಾಷೆ ಹತ್ತುವುದಿಲ್ಲ ಎಂದು.

ಆ ಮಾತಿನ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. 2018ರಲ್ಲಿ ಹಾರ್ಟ್ಸ್‌ಹಾರ್ನ್, ಟೆನೆನ್‌ಬಾಮ್, ಪಿಂಕರ್ ಎಂಬ ಮೂವರು ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣವನ್ನು ಆನ್‌ಲೈನ್ ಪ್ರಶ್ನೆಗಳ ಮೂಲಕ ನೋಡಿದರು. ಹೊಸ ಭಾಷೆಯ ವ್ಯಾಕರಣವನ್ನು ಬೇಗ ಹಿಡಿಯುವ ಶಕ್ತಿ ಸುಮಾರು 17.4 ವರ್ಷದವರೆಗೂ ಹಾಗೇ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಅವರಿಗೆ ಕಂಡಿತು. ಇದಕ್ಕೆ ಮೆದುಳಿನ ಬದಲಾವಣೆ ಕಾರಣವೋ, ಆ ವಯಸ್ಸಿಗೆ ಶಾಲೆ ಬಿಟ್ಟು ದುಡಿಮೆಗೆ ಹೋಗುವ ಬದುಕು ಕಾರಣವೋ ಎಂಬುದನ್ನು ಅವರು ತೆರೆದೇ ಇಟ್ಟರು. ಇನ್ನೊಂದು ವಿಷಯ. ಅವರು ಅಳೆದದ್ದು ವ್ಯಾಕರಣದ ಸೂಕ್ಷ್ಮಗಳನ್ನು. ಪದಗಳ ಗಂಟು ನಲವತ್ತು, ಐವತ್ತು ದಾಟಿದರೂ ಬೆಳೆಯುತ್ತದೆ. ‘ಇಲ್ಲವ್ವ, ನಿಂದು ಮುಗಿದಿಲ್ಲ’ ಅಂದೆ.

ಅವಳ ತೊಂದರೆ ಬೇರೆ ಕಡೆ ಇದೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಒಂದು ಉಪಯುಕ್ತ ಭೇದ ತೋರಿಸಿದರು. ಅಂಗಡಿ, ಆಟದ ಬಯಲಿನ ಮಾತು ಒಂದು ಬಗೆ. ಪಾಠದ, ಪುಸ್ತಕದ ಭಾಷೆ ಇನ್ನೊಂದು ಬಗೆ. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಎರಡು ವರ್ಷದೊಳಗೆ ಬರುತ್ತಿತ್ತು. ಎರಡನೆಯದರಲ್ಲಿ ಉಳಿದವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತಿತ್ತು. ಅವು ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಲೂ ಇಂಗ್ಲಿಷ್ ಕೇಳುವ ಮಕ್ಕಳು! ನಮ್ಮ ಹುಡುಗಿಯರಿಗೆ ನಾವು ಒಂದು ಸೆಮಿಸ್ಟರ್ ಕೊಡುತ್ತೇವೆ. ಇದು ನ್ಯಾಯವಲ್ಲ.

ಕಮಿನ್ಸ್ ಹೇಳಿದ್ದರಲ್ಲಿ ಧೈರ್ಯ ಕೊಡುವ ಭಾಗವೂ ಇದೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ತಿಳಿದದ್ದು ಇನ್ನೊಂದಕ್ಕೆ ದಾಟಿ ಬರುತ್ತದೆ. ದ್ಯುತಿಸಂಶ್ಲೇಷಣೆ ಗೊತ್ತಿದ್ದವಳು ಫೋಟೋಸಿಂಥೆಸಿಸ್ಸಿಗೆ ಹೊಸ ಹೆಸರನ್ನಷ್ಟೇ ಕಲಿಯಬೇಕು. ಎಲೆ, ಬೆಳಕು, ನೀರು ಮತ್ತೆ ಮೊದಲಿನಿಂದ ಬೇಡ. ಆ ಎರಡೂ ಪದಗಳ ಕಟ್ಟಡ ಕೂಡ ಒಂದೇ. ಫೋಟೋ ಎಂದರೆ ಬೆಳಕು, ಸಿನ್ ಎಂದರೆ ಸಂ, ಥೆಸಿಸ್ ಎಂದರೆ ಇಡುವುದು. ಬೆಳಕಿನಿಂದ ಒಟ್ಟುಗೂಡಿಸುವುದು.

ನಮ್ಮ ಮನೆಯಲ್ಲಿ ಇದಕ್ಕೆ ಹಳೆಯ ಸಾಕ್ಷಿ ಇತ್ತು, ನಮ್ಮ ಮುತ್ಯಾ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಮುತ್ಯಾ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಕಲಿತವರು. ಸಾಯುವ ತನಕ ಹತ್ತಿಯ ತೂಕದ ಲೆಕ್ಕವನ್ನು ಬಾಯಲ್ಲಿ ಉರ್ದು ಮಗ್ಗಿಯಲ್ಲೇ ಹಾಕುತ್ತಿದ್ದರು, ಉತ್ತರ ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದರು. ತುಂಗಭದ್ರೆಯ ಆಚೆ ದಡದ ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿನವರಿಗೆ ಮದ್ರಾಸಿನ ಇಂಗ್ಲಿಷು ಬಂತು. ಅದಕ್ಕೂ ಬಹಳ ಹಿಂದೆ ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಪ್ರಾಕೃತದಲ್ಲಿ. ಎರಡು ಸಾವಿರ ವರ್ಷ ದಾಟಿದರೂ ಈ ನೆಲದ ಜನ ಮನೆಗೊಂದು, ಹೊರಗಿನ ಕೆಲಸಕ್ಕೊಂದು ಭಾಷೆ ಇಟ್ಟುಕೊಂಡೇ ಬಾಳಿದ್ದಾರೆ.

ಆ ಹೊರಗಿನ ಭಾಷೆಯೂ ನಮ್ಮಿಂದ ತೆಗೆದುಕೊಂಡಿದೆ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ತೆಲುಗಿನ ಪಂದಿಕೊಕ್ಕು, ನಮ್ಮ ಹೆಗ್ಗಣ. ಆ ಹೆಸರನ್ನು ಹೊತ್ತುಕೊಂಡು ಹೋಗಿ ಆಸ್ಟ್ರೇಲಿಯಾದ ಒಂದು ಪ್ರಾಣಿಗೂ ಇಟ್ಟರು. 2020ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ನಿಘಂಟಿನ ಹತ್ತನೇ ಮುದ್ರಣಕ್ಕೆ ಆಧಾರ್, ಡಬ್ಬಾ ಸೇರಿ 26 ಭಾರತೀಯ ಇಂಗ್ಲಿಷ್ ಪದಗಳು ಹೊಸದಾಗಿ ಬಂದವು. ಇವತ್ತು ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವರಿಗಿಂತ ಆಮೇಲೆ ಕಲಿತವರೇ ಜಾಸ್ತಿ. ಮುಂದಿನ ಇಂಗ್ಲಿಷನ್ನು ರೂಪಿಸುವವರಲ್ಲಿ ಈ ಹುಡುಗಿಯೂ ಒಬ್ಬಳು. ಕಾಲೇಜಿನಲ್ಲಿ ‘ಸ್ಪೀಷೀಸ್’ ಎಂದು ಹೇಳಲು ಅವಳು ಕಲಿಯಲಿ, ಅದು ವಾರದ ಕೆಲಸ. ಆದರೆ ಅದಕ್ಕಾಗಿ ಬಾಯಿ ಮುಚ್ಚಿ ಕೂರುವುದು ಬೇಡ.

ಮರುದಿನ ಬೆಳಿಗ್ಗೆ ಅದೇ ಸೆಮಿನಾರನ್ನು ಪಡಸಾಲೆಯಲ್ಲಿ ಕೊಡು ಅಂದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ನಮ್ಮವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಹುಳ ಹೂವಿನ ದಳಗಳನ್ನು ನೂಲಿನಿಂದ ಹೆಣೆದು ಅರಳದ ಹಾಗೆ ಮಾಡುವುದು, ಕಾಯಿಯೊಳಗೆ ಎರಡು ಬೀಜ ಜೋಡಿಸಿ ನಡುವೆ ಅಡಗುವುದು, ಎಲ್ಲ ಚೆನ್ನಾಗಿ ಹೇಳಿದಳು. ಹಂಗಾಮು ಮುಗಿದ ಮೇಲೆ ಹುಳ ಎಲ್ಲಿ ಹೋಗುತ್ತದೆ ಎಂಬಲ್ಲಿ ತಡವರಿಸಿದಳು. ನೋಟ್ಸಿನಲ್ಲಿ ‘ಡಯಾಪಾಸ್’ ಎಂಬ ಒಂದೇ ಪದ ಇತ್ತು.

ಅವ್ವ ಮೊರದಿಂದ ತಲೆ ಎತ್ತಲಿಲ್ಲ. ‘ಎಲ್ಲಿಗೂ ಹೋಗಂಗಿಲ್ಲವ್ವ. ಒಲಿಗೆ ಅಂತ ಹಿತ್ತಲದಾಗ ಹತ್ತಿ ಕಟಿಗಿ ಒಟ್ಟೀವಲ್ಲ, ಅದರಾಗ ಒಣಗಿದ ಕಾಯಿ ಇರ್ತಾವ. ಬ್ಯಾಸಗ್ಯಾಗ ಒಡದು ನೋಡು, ಒಳಗ ಸುಮ್ನ ಮಲಗಿರ್ತೈತಿ. ಮಳಿ ಬಿದ್ದ ಮ್ಯಾಲ ಏಳ್ತೈತಿ’ ಅಂದಳು.

ಹುಡುಗಿ ಎದ್ದು ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ನಾಲ್ಕು ಒಣ ಕಾಯಿ ಇದ್ದವು. ಎರಡನೆಯದರಲ್ಲಿ ಹುಳ ಇತ್ತು. ನೋಟ್ಸು ತೆಗೆದು ‘ಡಯಾಪಾಸ್’ ಪಕ್ಕದಲ್ಲಿ ಕನ್ನಡದಲ್ಲಿ ಬರೆದಳು: ಒಟ್ಟಿದ ಕಟಿಗಿಯೊಳಗ ಮಲಗಿರೋದು.