ಕಾರ್ಟಿಗೆ ಹಾಕಿದ ಕಾಳುಮೆಣಸು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಮ್ಮ ತೋಟದ ಕಾಫಿಪುಡಿ, ಕಾಳುಮೆಣಸು ಮತ್ತು ಜೇನನ್ನು ಗೋಣಿಕೊಪ್ಪಲಿನಿಂದ ಮಾರಲು ಮೈಕ್ರೋಸಾಫ್ಟ್‌ನ ವೆಬ್‌ಸೈಟ್ ಕಟ್ಟುವ ಸಾಧನವಾದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಸಣ್ಣ ಆನ್‌ಲೈನ್ ಅಂಗಡಿಯೊಂದನ್ನು ಕಟ್ಟಿದ್ದೇನೆ. ಗ್ರಾಹಕರು ಕಾರ್ಟಿಗೆ ಹಾಕಿದ ವಸ್ತುಗಳು ಕೆಲವೊಮ್ಮೆ ಹಣ ಕಟ್ಟುವ ಮೊದಲೇ ಮಾಯವಾಗುತ್ತವೆ. ಕಾರ್ಟ್ ಇರುವುದು ಸೆಷನ್‌ನಲ್ಲಿ, ಅಂದರೆ ಒಬ್ಬ ಗ್ರಾಹಕನ ಭೇಟಿಯ ವಿವರಗಳನ್ನು ಸರ್ವರ್ ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ಜಾಗದಲ್ಲಿ. ತಪ್ಪು ಎಲ್ಲಿದೆ?

ಉತ್ತರ: ತಪ್ಪಿರುವುದು ಬಹುಶಃ ನಿಮ್ಮ ಕೋಡ್‌ನಲ್ಲಲ್ಲ, ಕಾರ್ಟನ್ನು ಇಟ್ಟಿರುವ ಜಾಗದಲ್ಲಿ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿ ಒಂದು ಕೋರಿಕೆಯನ್ನು ಮುಗಿಸಿದೊಡನೆ ಅದನ್ನು ಮರೆತುಬಿಡುತ್ತದೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕಿಯನ್ನು (ಬ್ರೌಸರ್‌ನಲ್ಲಿ ಉಳಿಯುವ ಪುಟ್ಟ ಗುರುತಿನ ಚೀಟಿ) ರೂಪಿಸಿದ್ದಕ್ಕೆ ಕಾರಣವಾದ ತೊಡಕುಗಳಲ್ಲಿ ಈ ಕಾರ್ಟಿನ ತೊಡಕೂ ಒಂದು. ವೆಬ್ ಫಾರ್ಮ್ಸ್‌ನ ಸೆಷನ್ ಕುಕಿಯನ್ನೇ ಆಧರಿಸಿದ್ದರೂ, ಅದರೊಳಗಿನ ಸಾಮಾನು ನಾವು ಬೇರೆ ಹೇಳದ ಹೊರತು ಸರ್ವರ್‌ನಲ್ಲಿ ಅಂಗಡಿಯನ್ನು ನಡೆಸುವ ವರ್ಕರ್ ಪ್ರೊಸೆಸ್‌ನ ಮೆಮೊರಿಯಲ್ಲಿರುತ್ತದೆ, ಕೊನೆಯ ಕ್ಲಿಕ್ ಆಗಿ 20 ನಿಮಿಷ ಕಳೆದರೆ ಅಳಿಸಿಹೋಗುತ್ತದೆ. ಆಟಿಯ ಮಳೆಯಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವ ನಮ್ಮ ಜಿಲ್ಲೆಯಲ್ಲಿ 20 ನಿಮಿಷ ಏನೇನೂ ಅಲ್ಲ.

ಅವಧಿಯನ್ನು 60 ನಿಮಿಷಕ್ಕೆ ಏರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಆದ ಐಐಎಸ್ ತನ್ನ ಅಪ್ಲಿಕೇಶನ್ ಪೂಲನ್ನು, ಅಂದರೆ ಆ ವರ್ಕರ್ ಪ್ರೊಸೆಸ್ ಇರುವ ಗುಂಪನ್ನು, ಮೂಲ ಹೊಂದಿಕೆಯಂತೆ 1740 ನಿಮಿಷಕ್ಕೊಮ್ಮೆ ಹೊಸದಾಗಿ ಆರಂಭಿಸುತ್ತದೆ, ಆಗ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ. ನೀವು ಅಂಗಡಿಯ ಹೊಂದಿಕೆಗಳಿರುವ ವೆಬ್ ಡಾಟ್ ಕಾನ್ಫಿಗ್ ಕಡತದಲ್ಲಿ ಒಂದಕ್ಷರ ತಿದ್ದಿದರೂ ಅಪ್ಲಿಕೇಶನ್ ಮರುಆರಂಭವಾಗಿ, ಆ ಕ್ಷಣದಲ್ಲಿದ್ದ ಕಾರ್ಟುಗಳೆಲ್ಲ ಖಾಲಿಯಾಗುತ್ತವೆ. ಪುಟದ ಸ್ಥಿತಿಯನ್ನು ಪುಟದೊಳಗೇ ಅಡಗಿಸಿಡುವ ವ್ಯೂಸ್ಟೇಟ್ ಇದಕ್ಕೆ ಬದಲಿಯಲ್ಲ. ಅದು ಒಂದೇ ಪುಟಕ್ಕೆ ಸೇರಿದ್ದು, ಸಾಲದ್ದಕ್ಕೆ ಪ್ರತಿ ಪೋಸ್ಟ್‌ಬ್ಯಾಕ್‌ನಲ್ಲೂ (ಪುಟ ಸರ್ವರ್‌ಗೆ ಮರಳಿ ಹೋಗುವಾಗಲೆಲ್ಲ) ಹೋಗಿ ಬಂದು ಪುಟವನ್ನು ಭಾರವಾಗಿಸುತ್ತದೆ.

ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಬೆಳೆ ಹಾಕಿದ ಬೆಳೆಗಾರ ರಸೀದಿಯನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ, ಮೂಟೆಗಳು ಗೋದಾಮಿನಲ್ಲಿರುತ್ತವೆ. ಕಾರ್ಟಿಗೂ ಇದೇ ಏರ್ಪಾಡು ಸರಿ. ಊಹಿಸಲಾಗದ ಒಂದು ಜಿಯುಐಡಿ (GUID) ಗುರುತಿನ ಸಂಖ್ಯೆಯನ್ನು ಮೂವತ್ತು ದಿನ ಬಾಳುವ ಕುಕಿಯಲ್ಲಿಟ್ಟು, ಡೇಟಾಬೇಸ್‌ನ ಕೋಷ್ಟಕದಲ್ಲಿ ಆ ಸಂಖ್ಯೆ, ವಸ್ತುವಿನ ಗುರುತು, ಪ್ರಮಾಣ, ದಿನಾಂಕ ಇಷ್ಟನ್ನೇ ಬರೆಯಿರಿ. ಅದೇ ವಸ್ತುವನ್ನು ಮತ್ತೆ ಹಾಕಿದರೆ ಹೊಸ ಸಾಲು ಬೇಡ, ಪ್ರಮಾಣ ಹೆಚ್ಚಿಸಿದರೆ ಸಾಕು. ಬೆಲೆಯನ್ನು ಮಾತ್ರ ಬ್ರೌಸರ್‌ನಿಂದ ಎಂದೂ ಸ್ವೀಕರಿಸಬೇಡಿ. ಪುಟದಲ್ಲಿ ಕಣ್ಣಿಗೆ ಕಾಣದ ಹಿಡನ್ ಫೀಲ್ಡಿನಲ್ಲಿಟ್ಟ ಬೆಲೆಯನ್ನು ತಿದ್ದಿ, ಒಂದು ಕಿಲೋ ಮೆಣಸನ್ನು ಒಂದು ರೂಪಾಯಿಗೆ ಕೊಳ್ಳಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಆದ್ದರಿಂದ ದರವನ್ನು ವಸ್ತುಗಳ ಕೋಷ್ಟಕದಿಂದಲೇ ಓದಿ, ಆರ್ಡರ್ ಆದ ಕ್ಷಣದಲ್ಲಿ ಆರ್ಡರ್ ಸಾಲಿಗೆ ನಕಲಿಸಿ, ಪೈಸೆಯ ಲೆಕ್ಕ ತಪ್ಪದಂತೆ ಡಬಲ್ ಬದಲು ಡೆಸಿಮಲ್ ಎಂಬ ಸಂಖ್ಯೆಯ ಬಗೆಯನ್ನು ಬಳಸಿ.

ಇಷ್ಟಾದ ಮೇಲೂ ಎರಡು ಎಡವಟ್ಟುಗಳು ಉಳಿಯಬಹುದು. ಪುಟ ತೆರೆಯುವಾಗ ಓಡುವ ಪೇಜ್ ಲೋಡ್ ಕೋಡ್‌ನಲ್ಲಿ, ಇದು ಮೊದಲ ಭೇಟಿಯೋ ಪೋಸ್ಟ್‌ಬ್ಯಾಕೋ ಎಂದು ಈಸ್‌ಪೋಸ್ಟ್‌ಬ್ಯಾಕ್‌ನಿಂದ ಪರೀಕ್ಷಿಸದೆ, ಕಾರ್ಟನ್ನು ಕೋಷ್ಟಕವಾಗಿ ತೋರಿಸುವ ಗ್ರಿಡ್‌ವ್ಯೂಗೆ ಡೇಟಾ ತುಂಬಿಸಿದರೆ, ಗ್ರಾಹಕ ಎರಡನ್ನು ಮೂರು ಮಾಡಿ ಅಪ್‌ಡೇಟ್ ಒತ್ತಿದಾಗ ಅವನು ಬರೆದ ಮೂರು ನಿಮ್ಮ ಕೋಡಿಗೆ ತಲುಪುವ ಮೊದಲೇ ಹಳೆಯ ಎರಡಾಗಿರುತ್ತದೆ. ಇನ್ನೊಂದು, ಸೇರಿಸುವ ಗುಂಡಿ ಒತ್ತಿದ ಪುಟವನ್ನು ರಿಫ್ರೆಶ್ ಮಾಡಿದರೆ ಅದೇ ಕೋರಿಕೆ ಮರಳಿ ಹೋಗಿ ಕಾಲು ಕಿಲೋ ಅರ್ಧ ಕಿಲೋ ಆಗುವುದು. ಸೇರಿಸಿದ ಕೂಡಲೇ ರೆಸ್ಪಾನ್ಸ್ ರೀಡೈರೆಕ್ಟ್ ಮೂಲಕ ಕಾರ್ಟ್ ಪುಟಕ್ಕೆ ಕಳುಹಿಸಿದರೆ ಇದು ನಿಲ್ಲುತ್ತದೆ.

2002ರಲ್ಲಿ ಬಂದ ವೆಬ್ ಫಾರ್ಮ್ಸ್‌ಗೆ ಎಎಸ್‌ಪಿ ಡಾಟ್ ನೆಟ್‌ನ ಹೊಸ ರೂಪವಾದ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಜಾಗ ಸಿಗಲಿಲ್ಲ, ಹಾಗಾಗಿ ಹೊಸ ಅಂಗಡಿಗೆ ನಾನು ಅದನ್ನು ಆರಿಸಲಾರೆ. ನಡೆಯುತ್ತಿರುವ ಅಂಗಡಿಯನ್ನು ಕೆಡವಬೇಕಾಗಿಲ್ಲ. ಬದಲಾವಣೆ ಮುಗಿದ ಮೇಲೆ ಕಾರ್ಟಿಗೆ ಒಂದು ಪೊಟ್ಟಣ ಮೆಣಸು ಹಾಕಿ, ಅಪ್ಲಿಕೇಶನ್ ಪೂಲನ್ನು ನೀವೇ ಮರುಆರಂಭಿಸಿ, ಬ್ರೌಸರ್ ಮುಚ್ಚಿ ತೆರೆದು ಮೆಣಸು ಅಲ್ಲೇ ಇದೆಯೇ ಎಂದು ನೋಡಿ.